ಪುಲಿಕೇಶಿಯಿಂದ ಉತಾರದವರೆಗೆ

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಯಾವುದೇ ಹೈಸ್ಕೂಲಿನಲ್ಲಿ ಬೆಳಗಿನ ಹಾಜರಿ ಕರೆಯುವುದನ್ನು ಕಿವಿಗೊಟ್ಟು ಕೇಳಬೇಕು. ದೇಸಾಯಿ, ನಾಡಗೌಡ, ಕುಲಕರ್ಣಿ, ಪಾಟೀಲ, ಇನಾಮದಾರ, ಜಮಾದಾರ, ಕಿಲ್ಲೇದಾರ, ತಳವಾರ, ವಾಲೀಕಾರ. ಮಕ್ಕಳಿಗೆ ಇವು ಬರೀ ಅಡ್ಡಹೆಸರು. ಒಂದು ಕಾಲಕ್ಕೆ ಇವೆಲ್ಲ ನೌಕರಿಗಳಾಗಿದ್ದವು. ಕಿಲ್ಲೇದಾರ ಕೋಟೆ ಕಾದವನು, ಕುಲಕರ್ಣಿ ಊರಿನ ಲೆಕ್ಕ ಬರೆದವನು, ದೇಸಾಯಿ ಮತ್ತು ನಾಡಗೌಡರು ಪರಗಣೆಯ ಕಂದಾಯ ಎತ್ತಿ ಮೇಲಕ್ಕೆ ಮುಟ್ಟಿಸಿದವರು, ತಳವಾರ ರಾತ್ರಿ ಊರು ಕಾದವನು. ಆದಿಲ್‌ಶಾಹಿ ಹೋಯಿತು, ಸವಣೂರಿನ ನವಾಬರು ಹೋದರು, ಪೇಶ್ವೆಗಳು ಬಂದರು, ಹೈದರ್ ಬಂದ, ಮತ್ತೆ ಪೇಶ್ವೆಗಳು ಬಂದರು, ಕೊನೆಗೆ ಕಂಪನಿ ಸರ್ಕಾರ ಬಂತು. ಮೇಲಿನ ಒಡೆಯ ಬದಲಾದಾಗಲೂ ಊರ ಮಟ್ಟದ ಹುದ್ದೆ ಬಹುಪಾಲು ಅದೇ ಮನೆಯಲ್ಲಿ ಉಳಿಯಿತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಲು 1961ರ ಕಾಯಿದೆಯೇ ಬರಬೇಕಾಯಿತು. ಹುದ್ದೆ ಹೋಯಿತು, ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯಿತು.

ಅದೇ ತರಗತಿಯಲ್ಲಿ ಅರ್ಧ ಗಂಟೆಯ ನಂತರ ಇತಿಹಾಸದ ಪಾಠ ಶುರುವಾಗುತ್ತದೆ. ಇಮ್ಮಡಿ ಪುಲಿಕೇಶಿ ಯಾರನ್ನು ಸೋಲಿಸಿದ? ಹರ್ಷವರ್ಧನನನ್ನು. ಐಹೊಳೆ ಶಾಸನ ಬರೆದವರು ಯಾರು? ರವಿಕೀರ್ತಿ. ಉತ್ತರಗಳು ಸರಿ, ಅಂಕಗಳೂ ಬರುತ್ತವೆ. ಆದರೆ ಆ ಚಾಲುಕ್ಯ ಸಾಮ್ರಾಜ್ಯಕ್ಕೂ, ಅದರ ನಂತರ ಬಂದ ಹತ್ತಾರು ಆಳ್ವಿಕೆಗಳಿಗೂ, ತನ್ನ ಮನೆಯ ಹೆಸರಿಗೂ, ಅಪ್ಪನ ಹೊಲಕ್ಕೂ, ಅವ್ವನ ಸೀರೆಗೂ, ನಾಳೆ ಸಿಗಬೇಕಾದ ಕಾಲೇಜು ಸೀಟಿಗೂ ಸಂಬಂಧವಿದೆ ಎಂಬುದು ಮಗುವಿಗೆ ಗೊತ್ತಾಗುವುದೇ ಇಲ್ಲ. ಬಾಗಲಕೋಟೆ ಜಿಲ್ಲೆಯಷ್ಟು ಸಾಮ್ರಾಜ್ಯಗಳ ಗುರುತನ್ನು ಕಣ್ಣೆದುರಿಗೇ ಇಟ್ಟುಕೊಂಡ ಜಿಲ್ಲೆ ಕರ್ನಾಟಕದಲ್ಲಿ ಹೆಚ್ಚಿಲ್ಲ. ಇಲ್ಲಿಯೇ ಈ ಸಂಬಂಧ ಕಾಣದಿದ್ದರೆ ಇನ್ನೆಲ್ಲಿ ಕಂಡೀತು?

ಡಿಸೆಂಬರ್, ಜನವರಿ ಬಂತೆಂದರೆ ಬಾದಾಮಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಮಕ್ಕಳು ನಾಲ್ಕು ಗುಹೆ ಹತ್ತುತ್ತಾರೆ, ಹದಿನೆಂಟು ಕೈಯ ನಟರಾಜನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಕೋತಿಗಳಿಂದ ತಿಂಡಿ ಡಬ್ಬಿ ಉಳಿಸಿಕೊಂಡು ಇಳಿಯುತ್ತಾರೆ. ಮೂರನೆಯ ಗುಹೆಯಲ್ಲಿ ಮಂಗಳೇಶನ ಕಾಲದ, 578ರ ಶಾಸನ ಇದೆ ಎಂದು ಮಾರ್ಗದರ್ಶಿ ಹೇಳುತ್ತಾನೆ. ಅಲ್ಲಿಗೆ ಬಾದಾಮಿ ಮುಗಿಯಿತು, ಮುಂದೆ ಪಟ್ಟದಕಲ್ಲು.

ಕೆರೆಯ ಆಚೆ ದಂಡೆಯ ಬೆಟ್ಟ ಹತ್ತಿದರೆ ಇನ್ನೊಂದು ಬಾದಾಮಿ ಇದೆ. ಅಲ್ಲಿನ ಬಂಡೆಯ ಮೇಲೆ 543ರಲ್ಲಿ ಒಂದನೆಯ ಪುಲಿಕೇಶಿ ಕೋಟೆ ಕಟ್ಟಿಸಿದ ಶಾಸನವಿದೆ. ಊರೊಳಗೆ ತೆಗ್ಗಿನ ಈರಪ್ಪನ ಗುಡಿಯ ಹಿಂದಿನ ಬಂಡೆಯಲ್ಲಿ ಪಲ್ಲವ ನರಸಿಂಹವರ್ಮನ ಶಾಸನವಿದೆ. 642ರಲ್ಲಿ ಅವನು ವಾತಾಪಿಯನ್ನು, ಅಂದರೆ ಬಾದಾಮಿಯನ್ನು, ಗೆದ್ದು ಅಲ್ಲಿಯೇ ತನ್ನ ಹೆಸರು ಕೆತ್ತಿಸಿದ. ವಿಜಯನಗರದ ಮೊದಲ ಹರಿಹರನ ಕಾಲದಲ್ಲಿ ಇದೇ ಕೋಟೆಯನ್ನು ಮತ್ತೆ ಕಟ್ಟಿದರು. ಗುಹೆಗಳ ಬುಡದಲ್ಲಿ ಆದಿಲ್‌ಶಾಹಿ ಕಾಲದ ಗೋರಿ ಇದೆ. 1786ರ ಮೇ ತಿಂಗಳಲ್ಲಿ ಪೇಶ್ವೆಯ ಸೈನ್ಯವೂ ಹೈದರಾಬಾದಿನ ನಿಜಾಮನ ಸೈನ್ಯವೂ ಒಟ್ಟಿಗೆ ನಿಂತು, ಟಿಪ್ಪುವಿನ ಕಾವಲಿನಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿ ಗೆದ್ದವು. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಬಾದಾಮಿ ಮರಾಠರ ಪಾಲಾಯಿತು. 1818ರ ಫೆಬ್ರುವರಿಯಲ್ಲಿ ಕಂಪನಿಯ ಥಾಮಸ್ ಮನ್ರೊ ಮೊದಲು ಬಾದಾಮಿಯನ್ನೂ ಬೆನ್ನಲ್ಲೇ ಬಾಗಲಕೋಟೆಯನ್ನೂ ಹಿಡಿದ. ಅಷ್ಟಕ್ಕೇ ನಿಲ್ಲಲಿಲ್ಲ. 1841ರಲ್ಲಿ ಕಣ್ಣು ಕಾಣದ ನರಸಿಂಗರಾವ್ ಪೇಟಕರ ಎಂಬಾತ ನಿಜಾಮನ ಸೀಮೆಯಿಂದ ಅರಬ್ ಸಿಪಾಯಿಗಳ ತುಕಡಿಯೊಂದನ್ನು ಕರೆತಂದು ಬಾದಾಮಿ ಕೋಟೆ ಹಿಡಿದು, ಸಾತಾರದ ಛತ್ರಪತಿಯ ನಿಶಾನೆ ಏರಿಸಿದ. ಕೆಲವೇ ದಿನಗಳಲ್ಲಿ ಕಂಪನಿಯ ಸೈನ್ಯ ಬಂದು ಕೋಟೆಯನ್ನು ಮರಳಿ ಪಡೆಯಿತು.

ಒಂದೇ ಊರಿನಲ್ಲಿ, ಮಕ್ಕಳು ಅರ್ಧ ದಿನದಲ್ಲಿ ನಡೆದು ನೋಡಬಹುದಾದಷ್ಟು ಜಾಗದಲ್ಲಿ, ಹದಿಮೂರು ಶತಮಾನಗಳ ಆಳ್ವಿಕೆಗಳಿವೆ. 1786ರ ಮುತ್ತಿಗೆಯೊಂದನ್ನೇ ಸರಿಯಾಗಿ ಕಲಿಸಿದರೂ ಸಾಕು. ಯುದ್ಧವೆಂದರೆ ಒಂದು ಧರ್ಮದವರು ಇನ್ನೊಂದು ಧರ್ಮದವರ ಮೇಲೆ ಬಿದ್ದದ್ದು ಎಂಬ ತಿಳಿವಳಿಕೆಯೊಂದಿಗೆ ತರಗತಿಗೆ ಬರುವ ಮಕ್ಕಳಿದ್ದಾರೆ. ಪೇಶ್ವೆ ಮತ್ತು ನಿಜಾಮ ಒಂದೇ ಪಾಳೆಯದಲ್ಲಿ ಏಕೆ ನಿಂತರು, ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಕಂದಾಯದ ಭೂಮಿ ಯಾರಿಗೆ ಏಕೆ ಬೇಕಿತ್ತು ಎಂದು ಕೇಳಿದರೆ ಲೆಕ್ಕ ತಾನಾಗಿ ಬೇರೆಯಾಗುತ್ತದೆ.

ಗೆದ್ದವರು ಹೇಳಿದ್ದನ್ನು ಹೇಗೆ ಓದಬೇಕು ಎಂಬುದನ್ನು ಕಲಿಸುವುದಕ್ಕೂ ಈ ಸೀಮೆ ಹೇಳಿ ಮಾಡಿಸಿದ್ದು. ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲೆ ಕ್ರಿ.ಶ. 634ರ ಸುಮಾರಿನ ಸಂಸ್ಕೃತ ಪ್ರಶಸ್ತಿ ಇದೆ. ಅದನ್ನು ರಚಿಸಿದ ರವಿಕೀರ್ತಿ ರಾಜನ ಆಶ್ರಯದಲ್ಲಿದ್ದ ಕವಿ. ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡವನು. ಹರ್ಷನ ಸೋಲನ್ನು ಹೇಳುವುದು ಇದೇ ಪ್ರಶಸ್ತಿ. ಇದಾಗಿ ಎಂಟೇ ವರ್ಷಕ್ಕೆ ಪುಲಿಕೇಶಿಯ ರಾಜಧಾನಿ ಪಲ್ಲವರ ವಶವಾಯಿತು, ಅದನ್ನು ಹೇಳುವುದು ಪಲ್ಲವರು ಕೆತ್ತಿಸಿದ ಕಲ್ಲು. ಸುಮಾರು ನೂರು ವರ್ಷಗಳ ನಂತರ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದು, ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟದ್ದನ್ನು ಅದೇ ಗುಡಿಯಲ್ಲಿ ಕನ್ನಡದಲ್ಲಿ ಕೆತ್ತಿಸಿದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇಂದಿನ ವಿರೂಪಾಕ್ಷ ದೇವಾಲಯ. ಈ ನಾಲ್ಕನ್ನು ಎದುರಿಗಿಟ್ಟು, ‘ಇದನ್ನು ಬರೆಸಿದವರು ಯಾರು, ಯಾರಿಗೆ ಕಾಣಲಿ ಎಂದು ಬರೆಸಿದರು, ಏನನ್ನು ಬಿಟ್ಟರು’ ಎಂದು ಮಕ್ಕಳನ್ನೇ ಕೇಳಬೇಕು. ಹದಿಮೂರು ವರ್ಷದ ಮಗುವಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಅಂಗಳದಲ್ಲಿ ಜಗಳವಾದಾಗ ಎರಡೂ ಕಡೆಯ ಮಾತು ಕೇಳಿ ಗೊತ್ತಿರುವ ಮಗು ಅದು.

ಚಾಲುಕ್ಯರನ್ನು ನಮಗೆ ಮರಳಿ ತೋರಿಸಿದ್ದರಲ್ಲಿ ಇನ್ನೊಂದು ಸಾಮ್ರಾಜ್ಯದ ಕೈ ಇದೆ ಎಂಬುದು ಪಾಠದಲ್ಲಿ ಬರುವುದೇ ಇಲ್ಲ. ಪುರಾತತ್ವ ಇಲಾಖೆಯ ಜೇಮ್ಸ್ ಬರ್ಜೆಸ್ 1874ರಲ್ಲಿ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಓಡಾಡಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ನಕ್ಷೆ ಮತ್ತು ಚಿತ್ರ ಮಾಡಿಸಿದ. ಮುಂಬಯಿ ಸರ್ಕಾರದ ಅಧಿಕಾರಿ ಜಾನ್ ಫೇಯ್ತ್‌ಫುಲ್ ಫ್ಲೀಟ್ ಈ ಸೀಮೆಯ ಶಾಸನಗಳನ್ನು ಓದಿ ಪ್ರಕಟಿಸಿದ, ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದ. ಅವರ ದುಡಿಮೆ ದೊಡ್ಡದು, ಅದಕ್ಕೆ ಕನ್ನಡಿಗರು ಋಣಿಗಳು. ಆದರೆ ಬರ್ಜೆಸ್ ಬಂದು ಹೋದ ಎರಡೇ ವರ್ಷಕ್ಕೆ ಅದೇ ಜಿಲ್ಲೆಯಲ್ಲಿ ನಡೆದದ್ದನ್ನು ಅದೇ ಪಾಠದಲ್ಲಿ ಹೇಳದಿದ್ದರೆ ಅರ್ಧ ಮಾತ್ರ ಹೇಳಿದಂತೆ.

ಇಂದು ದಾಳಿಂಬೆ ಮತ್ತು ಚಿಕ್ಕುವಿಗೆ ಹೆಸರಾದ ಕಲಾದಗಿ, ಘಟಪ್ರಭೆಯ ದಂಡೆಯ ದೊಡ್ಡ ಹಳ್ಳಿ. 1864ರಿಂದ ಎರಡು ದಶಕ ಅದು ಜಿಲ್ಲಾ ಕೇಂದ್ರವಾಗಿತ್ತು. ಬಾದಾಮಿಯಿಂದ ಇಂಡಿಯವರೆಗಿನ ಸೀಮೆಗೆ ಆಗ ಕಲಾದಗಿ ಜಿಲ್ಲೆ ಎಂದೇ ಹೆಸರು. 1876ರಲ್ಲಿ ಮಳೆ ಕೈಕೊಟ್ಟಿತು. ಬರ 1878ರವರೆಗೆ ಎಳೆಯಿತು. 1872ರ ಜನಗಣತಿಯಲ್ಲಿ ಈ ಜಿಲ್ಲೆಯಲ್ಲಿ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1881ರಲ್ಲಿ ಉಳಿದವರು ಸುಮಾರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕಡಿಮೆಯಾಗಿದ್ದರು. ಹಸಿವಿನಿಂದ, ಕಾಲರಾದಿಂದ ಸತ್ತವರು ಎಷ್ಟೋ, ಊರು ಬಿಟ್ಟು ಹೋಗಿ ಮರಳದವರು ಎಷ್ಟೋ. ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಸಾಕು ಎಂದು 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಬಿಸಿಯೂಟದ ಅಕ್ಕಿ ತೂಗುವ ತಕ್ಕಡಿಯನ್ನೇ ತರಗತಿಗೆ ತಂದು 450 ಗ್ರಾಂ ಜೋಳ ತೂಗಿ ತೋರಿಸಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಡ.

ಬರ ಈ ಸೀಮೆಗೆ ಹೊಸದಾಗಿರಲಿಲ್ಲ. 1791–92ರ ಬರವನ್ನು ಜನ ಡೋಗಿ ಬರ ಎಂದು, ಅಂದರೆ ತಲೆಬುರುಡೆಗಳ ಬರ ಎಂದು ನೆನಪಿಟ್ಟುಕೊಂಡಿದ್ದರು. ಪೇಶ್ವೆ, ನಿಜಾಮ, ಟಿಪ್ಪು ಸೈನ್ಯಗಳು ಹಾದುಹೋದ ವರ್ಷಗಳ ಬೆನ್ನಿಗೇ ಅದು ಬಂದಿತ್ತು. ಎಲ್ಲ ಪಾಪವನ್ನೂ ಒಂದೇ ಸಾಮ್ರಾಜ್ಯದ ತಲೆಗೆ ಕಟ್ಟುವುದೂ ಸುಳ್ಳು ಪಾಠವೇ. 1876ರ ಬರದಲ್ಲಿ ಭಿನ್ನವಾಗಿದ್ದು ಏನೆಂದರೆ, ಆಗ ಜಗತ್ತಿನಾದ್ಯಂತ ಧಾನ್ಯ ಸಾಗಿಸಬಲ್ಲ ಸರ್ಕಾರವೊಂದಿತ್ತು, ಜನರನ್ನು ತಲೆ ಎಣಿಸಿ ಬರೆದಿಡುವ ಕಚೇರಿಗಳಿದ್ದವು. ಇಷ್ಟಿದ್ದೂ ಜನ ಸತ್ತರು.

ಬರದ ನಂತರವೇ ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರದ ಮೇಲೆ ಹೊಟಗಿಯವರೆಗೆ ರೈಲು ಮಾರ್ಗ ಬಂತು. ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹಾಕಿದ ಈ ದಾರಿ ಬರಪರಿಹಾರದ ಮಾರ್ಗವೆಂದೇ ಯೋಜನೆಯಾದದ್ದು. ಬಾಗಲಕೋಟೆ ಸಮೀಪದ ಮುಚಖಂಡಿ ಕೆರೆಯೂ ಅದೇ ದಶಕದ ಕೆಲಸ. ಜಿಲ್ಲಾ ಕಚೇರಿ ಕಲಾದಗಿಯಿಂದ ವಿಜಯಪುರಕ್ಕೆ ಹೋಯಿತು, ಆದಿಲ್‌ಶಾಹಿ ಅರಮನೆಗಳನ್ನೇ ದುರಸ್ತಿ ಮಾಡಿಕೊಂಡು ಕಲೆಕ್ಟರ್ ಅಲ್ಲಿ ಕೂತ. ಬಾದಾಮಿ ಸ್ಟೇಷನ್ನಿನಲ್ಲಿ ಇಳಿದು ಗುಹೆ ನೋಡಲು ಹೋಗುವ ಮಕ್ಕಳು ಆ ಸ್ಟೇಷನ್ ಅಲ್ಲಿ ಏಕಿದೆ ಎಂದು ತಿಳಿಯಬೇಡವೇ?

ಹೊಲದ ಕಾಗದಕ್ಕೆ ಬರೋಣ. ಈ ಭಾಗದಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. ಪ್ರತಿ ಒಕ್ಕಲುತನದ ಮನೆಯಲ್ಲೂ ಅದರ ಪ್ರತಿ ಇರುತ್ತದೆ, ಬೆಳೆ ಸಾಲಕ್ಕೆ ಬೇಕು, ಬೆಳೆ ವಿಮೆಗೆ ಬೇಕು. ಅದರಲ್ಲಿನ ಸರ್ವೆ ನಂಬರ್, ಎಕರೆ–ಗುಂಟೆ, ಖರಾಬು, ಆಕಾರ ಇವೆಲ್ಲ ಹತ್ತೊಂಬತ್ತನೆಯ ಶತಮಾನದ ಮುಂಬಯಿ ಸರ್ವೆಯ ಪದ್ಧತಿ. ಸರ್ವೆ ಅಧಿಕಾರಿ ವಿಂಗೇಟ್ ಮತ್ತು ಅವನ ಜೊತೆಯವರು 1840ರ ದಶಕದಿಂದ ಈ ಸೀಮೆಯ ಹೊಲಗಳನ್ನು ಸರಪಳಿ ಹಿಡಿದು ಅಳೆದರು, ಮಣ್ಣನ್ನು ಆಣೆ ಲೆಕ್ಕದಲ್ಲಿ ವಿಂಗಡಿಸಿದರು, ಹೊಲಕ್ಕೊಂದು ನಂಬರ್ ಕೊಟ್ಟರು, ಕಂದಾಯವನ್ನು ಊರಿನ ಹೆಗಲಿಂದ ಇಳಿಸಿ ಒಬ್ಬೊಬ್ಬ ಒಕ್ಕಲಿಗನ ಹೆಸರಿಗೆ ಬರೆದರು. ಮುಂದೆ 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಶೈರ್ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ, ಮುಂಬಯಿ ಪ್ರಾಂತ್ಯದ ಎರೆ ಹೊಲಗಳ ಅರಳೆಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದದ್ದೇ ಬೆಲೆ ಬಿತ್ತು. ಹೊಲ ಒತ್ತೆ ಇಟ್ಟು ಸಾಲ ಎತ್ತುವ ಪದ್ಧತಿ ಗಟ್ಟಿಯಾದ ಕಾಲ ಅದು. ಮನೆಯಿಂದ ಒಂದು ಉತಾರದ ಪ್ರತಿ ತರಲು ಹೇಳಿದರೆ ಸಾಕು, ಇಡೀ ಪಾಠ ಅದರೊಳಗಿದೆ.

ಇಳಕಲ್ಲಿನ ಮಕ್ಕಳಿಗೆ ಸಾಮ್ರಾಜ್ಯಗಳ ಗಡಿ ಇನ್ನೂ ಹತ್ತಿರ. ಊರಿನಿಂದ ಕುಷ್ಟಗಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. 1948ರ ಸೆಪ್ಟೆಂಬರ್‌ವರೆಗೆ ಕುಷ್ಟಗಿ ನಿಜಾಮನ ರಾಜ್ಯ, ಇಳಕಲ್ ಮುಂಬಯಿ ಪ್ರಾಂತ್ಯ. ಆಚೆ ಹಾಲಿಸಿಕ್ಕಾ ರೂಪಾಯಿ, ಉರ್ದು ದಫ್ತರ. ಈಚೆ ಬ್ರಿಟಿಷ್ ರೂಪಾಯಿ, ಮರಾಠಿ ಪ್ರಭಾವದ ಕಚೇರಿ, ಮೋಡಿ ಲಿಪಿಯ ಹಳೆಯ ಕಾಗದಗಳು. ಮನೆಯೊಳಗೆ ಮಾತ್ರ ಎರಡೂ ಕಡೆ ಕನ್ನಡ. ಇದೇ ಜಿಲ್ಲೆಯ ಪಡುವಣಕ್ಕೆ ಮುಧೋಳದಲ್ಲಿ ಘೋರ್ಪಡೆ, ಜಮಖಂಡಿಯಲ್ಲಿ ಪಟವರ್ಧನ ಸಂಸ್ಥಾನಿಕರು 1948ರವರೆಗೆ ಆಳಿದರು. ಇಂದು ಒಂದೇ ಜಿಲ್ಲೆ ಎನ್ನುವುದು ಅಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ವಿಜಯಪುರದಲ್ಲಿ ಹುಟ್ಟಿದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ನೆನಪು ಎತ್ತಿದ್ದು ಈ ಹರಿದುಹಂಚಿದ ಸ್ಥಿತಿಗೆ ಉತ್ತರವಾಗಿ. ಹಳೆಯ ಸಾಮ್ರಾಜ್ಯದ ನೆನಪು ಏಕೀಕರಣಕ್ಕೆ ಬಲ ಕೊಟ್ಟಿತು, 1956ರಲ್ಲಿ ಎಲ್ಲರೂ ಒಂದೇ ರಾಜ್ಯಕ್ಕೆ ಬಂದರು.

ಗಡಿ ಅಳಿಸಿತೇ? ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸುವ ಮಕ್ಕಳಿಗೆ ಅಳಿಸಿಲ್ಲ ಎಂಬುದು ಬಲು ಬೇಗ ಗೊತ್ತಾಗುತ್ತದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಹಿಂದಿನ ನಿಜಾಮ ಸೀಮೆಯ ಹಿಂದುಳಿದಿರುವಿಕೆಯನ್ನು ಸರಿಪಡಿಸಲು ಬಂದದ್ದು. ಅದರಂತೆ ಆ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಅಲ್ಲಿನ ಮಕ್ಕಳಿಗೆ, ರಾಜ್ಯದ ಉಳಿದೆಡೆ ಶೇ 8. ಕುಷ್ಟಗಿಯ ಹುಡುಗಿಗೆ ಆ ಮೀಸಲಾತಿ ಇದೆ, ಇಳಕಲ್ಲಿನ ಹುಡುಗಿಗೆ ಇಲ್ಲ. ಇಬ್ಬರ ಅವ್ವಂದಿರೂ ಅದೇ ಇಳಕಲ್ ಸೀರೆ ಉಡುವವರು, ಇಬ್ಬರ ಮನೆಯಲ್ಲೂ ಅದೇ ಬಿಳಿಜೋಳದ ರೊಟ್ಟಿ. ನಿಜಾಮ ಮತ್ತು ಕಂಪನಿ ನಡುವೆ ಎಳೆದ ಗೆರೆ ಇಂದಿಗೂ ಇಬ್ಬರು ಹುಡುಗಿಯರ ಸೀಟು ಹಂಚುತ್ತದೆ. ಆ ಮೀಸಲಾತಿ ಏಕೆ ಬೇಕಾಯಿತು ಎಂಬುದು ತಿಳಿಯದಿದ್ದರೆ ಮಕ್ಕಳಲ್ಲಿ ಅಸಮಾಧಾನ ಮಾತ್ರ ಉಳಿಯುತ್ತದೆ. ಸಾಮ್ರಾಜ್ಯಗಳು ಆಧುನಿಕ ಬದುಕನ್ನು ಹೇಗೆ ರೂಪಿಸಿದವು ಎಂಬುದಕ್ಕೆ ಈ ಜಿಲ್ಲೆಯ ಮಕ್ಕಳ ಮುಂದಿಡಬಹುದಾದ ಉದಾಹರಣೆಗಳಲ್ಲಿ ಇದಕ್ಕಿಂತ ಜೀವಂತವಾದದ್ದು ಇಲ್ಲ.

ಇಳಕಲ್ ಸೀರೆಯೂ ಒಂದು ದಾಖಲೆಯೇ. ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು, ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸುವುದು ಇಲ್ಲಿನ ಮಗ್ಗದ ವಿಶೇಷ. ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಣಿ ನೂಲು ಬಂತು, ಯುರೋಪಿನ ರಾಸಾಯನಿಕ ಬಣ್ಣ ಬಂತು, ಇಪ್ಪತ್ತನೆಯ ಶತಮಾನದಲ್ಲಿ ಕೃತಕ ರೇಷ್ಮೆ ಬಂತು. ಮನೆಯಲ್ಲಿ ನೂಲುವವರ ಕೆಲಸ ಹೋಯಿತು, ನೇಕಾರರ ಕೆಲಸ ಉಳಿಯಿತು, ಏಕೆಂದರೆ ಕೊಂಡಿ ಹಾಕುವ ಸೆರಗನ್ನು ಲ್ಯಾಂಕಶೈರ್ ಯಂತ್ರ ನೇಯಲಿಲ್ಲ, ಮಹಾರಾಷ್ಟ್ರದವರೆಗೂ ಅದನ್ನು ಬೇಡುವ ಹೆಂಗಸರಿದ್ದರು. ‘ಬ್ರಿಟಿಷರು ಕೈಮಗ್ಗವನ್ನು ನಾಶ ಮಾಡಿದರು’ ಎಂಬ ಪಠ್ಯದ ವಾಕ್ಯ ಇಳಕಲ್, ಗುಳೇದಗುಡ್ಡಗಳ ಮುಂದೆ ಅಪೂರ್ಣ. ನೇಕಾರರ ಓಣಿಯ ಮಕ್ಕಳೇ ಅದನ್ನು ತಿದ್ದಬಲ್ಲರು.

ಹತ್ತನೇ ತರಗತಿಯಲ್ಲಿ ಒಂದು ಒಳ್ಳೆಯ ಅವಕಾಶ ಈಗಾಗಲೇ ಇದೆ. ಕನ್ನಡ ಪಠ್ಯದಲ್ಲಿ ಹಲಗಲಿ ಬೇಡರ ಲಾವಣಿ ಇದೆ, ಸಮಾಜ ವಿಜ್ಞಾನದಲ್ಲಿ ಬ್ರಿಟಿಷ್ ಆಳ್ವಿಕೆಗೆ ಕರ್ನಾಟಕದ ಪ್ರತಿರೋಧದ ಅಧ್ಯಾಯವಿದೆ. ಹಲಗಲಿ ಇದೇ ಜಿಲ್ಲೆಯ ಮುಧೋಳ ತಾಲ್ಲೂಕಿನ ಊರು. 1857ರ ನಿಶ್ಶಸ್ತ್ರೀಕರಣದ ಆಜ್ಞೆಗೆ ಬೇಡರು ಆಯುಧ ಒಪ್ಪಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿನ ಮೇಲೆ ಬಿತ್ತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಅಚ್ಚಿಗೆ ತಂದದ್ದು ಶಾಸನ ಓದಿದ ಅದೇ ಫ್ಲೀಟ್, ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ. ಗಲ್ಲಿಗೇರಿಸಿದ ಸರ್ಕಾರದ ಅಧಿಕಾರಿಯೇ ಗಲ್ಲಿಗೇರಿದವರ ಹಾಡನ್ನು ಉಳಿಸಿದ. ಕನ್ನಡದ ಮೇಷ್ಟ್ರು ಮತ್ತು ಸಮಾಜದ ಮೇಡಂ ಒಂದೇ ವಾರದಲ್ಲಿ ಈ ಎರಡು ಪಾಠ ಇಟ್ಟುಕೊಂಡರೆ, ಶಾಸನ ಓದುವಾಗ ಕೇಳಿದ ಪ್ರಶ್ನೆಯನ್ನೇ ಲಾವಣಿಗೂ ಕೇಳಬಹುದು: ಇದು ಯಾರ ಬಾಯಿಂದ ಬಂದ ಮಾತು?

ಹಳೆ ಬಾಗಲಕೋಟೆಯ ಮುಳುಗಡೆಯನ್ನೂ ಈ ಸಾಲಿನಿಂದ ಹೊರಗಿಡಬಾರದು. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿತ್ತು. ಹಿನ್ನೀರು ಘಟಪ್ರಭೆಯ ಗುಂಟ ಏರಿ ಪೇಟೆಯ ಎಷ್ಟೋ ಓಣಿಗಳನ್ನು ತೆಗೆದುಕೊಂಡಿತು, ನವನಗರ ಎದ್ದಿತು. ಕಟ್ಟಿದ್ದು ನಮ್ಮದೇ ಚುನಾಯಿತ ಸರ್ಕಾರ. ಆದರೆ ಮನೆ, ಹೊಲಗಳನ್ನು ಸ್ವಾಧೀನಪಡಿಸಿಕೊಂಡದ್ದು 1894ರ ಭೂಸ್ವಾಧೀನ ಕಾಯಿದೆಯ ಬಲದಿಂದ. ವಿಕ್ಟೋರಿಯಾ ರಾಣಿಯ ಕಾಲದ ಆ ಕಾನೂನು 2013ರ ಅಂತ್ಯದವರೆಗೂ ಜಾರಿಯಲ್ಲಿತ್ತು. ನವನಗರದ ಶಾಲೆಗಳಲ್ಲಿ ಕೂತ ಮಕ್ಕಳ ಅಜ್ಜ–ಅಜ್ಜಿಯರ ಹತ್ತಿರ ನೋಟಿಸುಗಳಿವೆ, ಪರಿಹಾರದ ಕಾಗದಗಳಿವೆ, ಮನೆಯ ನೆನಪಿದೆ. ಅವರ ಮಾತನ್ನು ಮಕ್ಕಳು ಈಗ ಬರೆದಿಟ್ಟುಕೊಳ್ಳದಿದ್ದರೆ ಇನ್ನು ಹತ್ತು ವರ್ಷಕ್ಕೆ ಕೇಳಲು ಯಾರೂ ಇರುವುದಿಲ್ಲ.

ಶಿಕ್ಷಕರ ಕಷ್ಟ ಸಣ್ಣದಲ್ಲ. ಪಠ್ಯ ಮುಗಿಸಬೇಕು, ಫಲಿತಾಂಶದ ಒತ್ತಡ ಇದೆ, ಟಿಪ್ಪು ಅಥವಾ ಆದಿಲ್‌ಶಾಹಿ ಹೆಸರೆತ್ತಿದರೆ ಊರಲ್ಲಿ ಮಾತಾಗುತ್ತದೆಂಬ ಅಳುಕೂ ಇದೆ. ಆದರೂ ದಾರಿ ಇದೆ. ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕಿದೆ. ಚಾರ್ಟಿನ ಮೇಲೆ ರಾಜರ ಚಿತ್ರ ಅಂಟಿಸುವ ಬದಲು ಒಂದು ಉತಾರ, ಒಂದು ಅಡ್ಡಹೆಸರು, ಒಂದು ಮುಳುಗಡೆ ನೋಟಿಸು, ಒಂದು ಸೀರೆಯ ಸೆರಗು ಇವುಗಳ ಬಗ್ಗೆ ಮಕ್ಕಳಿಂದ ಎರಡು ಪುಟ ಬರೆಸಬಹುದು. ದಾಖಲೆಯಲ್ಲಿ ಇದ್ದದ್ದನ್ನು, ಇಸವಿ ಸಮೇತ, ಎರಡೂ ಕಡೆಯ ಮಾತಿನೊಂದಿಗೆ ಇಟ್ಟರೆ ಅಳುಕಿಗೂ ಕಾರಣ ಉಳಿಯುವುದಿಲ್ಲ.

ಜಿಲ್ಲೆಯ ಶಿಕ್ಷಕರಲ್ಲಿ ಒಂದು ವಿನಂತಿ. ಈ ಸಲದ ಪ್ರವಾಸದಲ್ಲಿ ಗುಹೆ ನೋಡಿದ ಮೇಲೆ ತೆಗ್ಗಿನ ಈರಪ್ಪನ ಗುಡಿಯ ಹಿಂದಿನ ಬಂಡೆಯನ್ನೂ ಮಕ್ಕಳಿಗೆ ತೋರಿಸಿ. ಬಾಗಲಕೋಟೆಯಿಂದ ಕಲಾದಗಿ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಬಸ್ಸನ್ನು ಅಲ್ಲಿಯವರೆಗೆ ತಿರುಗಿಸಿ, ಘಟಪ್ರಭೆಯ ದಂಡೆಯಲ್ಲಿ ನಿಲ್ಲಿಸಿ, 1872 ಮತ್ತು 1881ರ ಎರಡು ಅಂಕಿಗಳನ್ನು ಅವರ ನೋಟ್‌ಬುಕ್ಕಿನಲ್ಲಿ ಬರೆಸಿ, ಎರಡರ ನಡುವಿನ ವ್ಯತ್ಯಾಸವನ್ನು ಅವರ ಕೈಯಲ್ಲೇ ಲೆಕ್ಕ ಮಾಡಿಸಿ.